ದಡದ ಮೇಲಿನ ದೋಣಿ, ಹೋಲಿಕೆಯ ಲೆಕ್ಕ

ಮಳೆಗಾಲದಲ್ಲಿ ಭದ್ರಾ ಜಲಾಶಯದ ನೀರು 186 ಅಡಿಯ ಗುರುತು ಮುಟ್ಟಿತೆಂದರೆ ಶಿವಮೊಗ್ಗ, ದಾವಣಗೆರೆ ಸೀಮೆಯ ರೈತರು ನೆಮ್ಮದಿಯ ಉಸಿರು ಬಿಡುತ್ತಾರೆ. ಈ ಅಣೆಕಟ್ಟಿಗೆ ಹತ್ತಿರದಲ್ಲೇ ಇದೆ ಶಂಕರಘಟ್ಟ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ ಇರುವುದು ಇಲ್ಲಿಯೇ. ಸುತ್ತಲಿನ ಊರುಗಳಿಂದ, ಭದ್ರಾವತಿ ಶಿವಮೊಗ್ಗಗಳಿಂದ ಸಾವಿರಾರು ವಿದ್ಯಾರ್ಥಿಗಳು ಓದಲು ಬರುವ ಜಾಗ ಇದು. ಇಷ್ಟು ನೀರು ಕಣ್ಣೆದುರೇ ಇರುವಾಗ ಇಲ್ಲಿನ ಮಕ್ಕಳು ದೋಣಿ ಓಟವನ್ನೇಕೆ ಕಲಿಯಬಾರದು ಎಂದು ಯಾರಿಗಾದರೂ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಉತ್ತರ ಅಷ್ಟು ಸುಲಭವಲ್ಲ. ಜಲಾಶಯ ಕಟ್ಟಿದ್ದು ನೀರಾವರಿಗೆ ಮತ್ತು ವಿದ್ಯುತ್ತಿಗೆ. ಬೇಸಿಗೆಯಲ್ಲಿ ನಾಲೆಗೆ ನೀರು ಬಿಟ್ಟಂತೆಲ್ಲ ದಡ ಹಿಂದೆ ಸರಿಯುತ್ತದೆ. 2023ರಂತೆ ಮಳೆ ಕೈಕೊಟ್ಟ ವರ್ಷ ಜಲಾಶಯ ತುಂಬುವುದೇ ಇಲ್ಲ. ಹಿನ್ನೀರಿನ ಅಂಚಿಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಿದೆ. ಆಳ ಗೊತ್ತಿಲ್ಲದ ನೀರಿಗೆ ಮಕ್ಕಳನ್ನು ಇಳಿಸಲು ಯಾವ ತಾಯಿತಂದೆಯೂ ಒಪ್ಪಲಾರರು, ಒಪ್ಪಲೂಬಾರದು. ಹಾಗಿದ್ದರೆ ದೋಣಿಯನ್ನೇ ದಡಕ್ಕೆ, ಅದೂ ಒಂದು ಕೋಣೆಯೊಳಕ್ಕೆ ತಂದರೆ ಹೇಗೆ?

ಜಗತ್ತಿನ ಬಹುಪಾಲು ದೋಣಿ ಓಟಗಾರರು ಮಾಡುವುದು ಅದನ್ನೇ. ಹುಟ್ಟು ಹಾಕುವುದನ್ನು ನೆಲದ ಮೇಲೆಯೇ ಅಭ್ಯಾಸ ಮಾಡಿಸುವ ಯಂತ್ರಕ್ಕೆ ರೋಯಿಂಗ್ ಎರ್ಗೊಮೀಟರ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಎರ್ಗೊನ್' ಎಂದರೆ ಕೆಲಸ. ಮೀಟರ್ ಎಂದರೆ ಅಳತೆಗಾರ. ದೇಹ ಮಾಡಿದ ಕೆಲಸವನ್ನು ಅಳೆಯುವ ಸಾಧನ ಎಂದರ್ಥ. ದೊಡ್ಡ ಊರುಗಳ ಜಿಮ್‌ಗಳಲ್ಲಿ ಇಂದು ಇದು ಸಾಮಾನ್ಯ. ಅದರ ಮೇಲೆ ಕುಳಿತು ಎಳೆದವರು ಮೊದಲು ಮಾಡುವುದೇನು? ಪಕ್ಕದವನ ಅಂಕಿ ಎಷ್ಟೆಂದು ನೋಡುವುದು. ತೊಡಕು ಶುರುವಾಗುವುದೇ ಅಲ್ಲಿ. ಯಂತ್ರ ತೋರಿಸುವ ಅಂಕಿ ಪ್ರಾಮಾಣಿಕವಾದದ್ದು. ಆದರೆ ಇಬ್ಬರ ಅಂಕಿಗಳನ್ನು ಹೋಲಿಸುವುದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ಇದಕ್ಕೆ ಭೌತಶಾಸ್ತ್ರದಲ್ಲಿ ಒಳ್ಳೆಯ ಉತ್ತರವಿದೆ.

ಹಳೆಯ ಸೈಕಲ್‌ನಿಂದ ಬಂದ ಯಂತ್ರ

ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಚಳಿಗಾಲ ಬಂದರೆ ನದಿ ಕೆರೆಗಳು ಹೆಪ್ಪುಗಟ್ಟುತ್ತವೆ. ಅಲ್ಲಿ ದೋಣಿಯ ಹುಟ್ಟುಗಳನ್ನು ತಯಾರಿಸುತ್ತಿದ್ದ ಡಿಕ್ ಮತ್ತು ಪೀಟರ್ ಡ್ರೈಸಿಗಾಕರ್ ಎಂಬ ಸಹೋದರರು ಒಂದು ಹಳೆಯ ಸೈಕಲ್ಲನ್ನು ನೆಲಕ್ಕೆ ಜಡಿದು, ಅದರ ಚೈನಿನ ತುದಿಯನ್ನು ಹಿಡಿದು ಎಳೆದು ನೋಡಿದರು. ಚಕ್ರ ತಿರುಗಿತು. ಚಕ್ರಕ್ಕೆ ರೆಕ್ಕೆಗಳನ್ನು ಕಟ್ಟಿದಾಗ ಅದು ಗಾಳಿಯನ್ನು ಸೀಳಿಕೊಂಡು ತಿರುಗಬೇಕಾಯಿತು. ನೀರಿನಲ್ಲಿ ಹುಟ್ಟು ಎಳೆದಂಥ ತಡೆ ಕೈಗೆ ಸಿಕ್ಕಿತು. 1981ರಲ್ಲಿ ಅವರ ಕಾನ್ಸೆಪ್ಟ್ 2 ಸಂಸ್ಥೆ ತನ್ನ ಮೊದಲ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದದ್ದು ಸೈಕಲ್ ಚಕ್ರವೇ.

1980ರ ದಶಕದ ಆರಂಭದಲ್ಲೇ ಬಾಸ್ಟನ್ ನಗರದಲ್ಲಿ ಈ ಯಂತ್ರಗಳ ಮೇಲೆ ಸ್ಪರ್ಧೆಗಳು ಶುರುವಾದವು. ಚಳಿಗಾಲದ ಬೇಸರ ಕಳೆಯಲು ಹುಟ್ಟಿದ ಆಟ ಕ್ರಮೇಣ ಸ್ವತಂತ್ರ ಕ್ರೀಡೆಯೇ ಆಯಿತು. ಅಂತರರಾಷ್ಟ್ರೀಯ ರೋಯಿಂಗ್ ಒಕ್ಕೂಟದ ಹೆಸರಿನಲ್ಲಿ ಮೊದಲ ವಿಶ್ವ ಒಳಾಂಗಣ ಚಾಂಪಿಯನ್‌ಷಿಪ್ ನಡೆದದ್ದು 2018ರಲ್ಲಿ, ಅಮೆರಿಕದ ಅಲೆಕ್ಸಾಂಡ್ರಿಯಾದಲ್ಲಿ. 2021ರಲ್ಲಿ ಕೊರೊನಾ ಹಾವಳಿಯ ನಡುವೆ ಸ್ಪರ್ಧಿಗಳು ತಮ್ಮ ತಮ್ಮ ಊರಿನಲ್ಲೇ ಕುಳಿತು, ಅಂತರಜಾಲದ ಮೂಲಕ ಪೈಪೋಟಿ ನಡೆಸಿದರು. ಭೂಮಿಯ ಬೇರೆ ಬೇರೆ ಮೂಲೆಗಳಲ್ಲಿರುವ ಯಂತ್ರಗಳು ಒಂದೇ ಅಳತೆಗೋಲಿನಿಂದ ಅಳೆಯುತ್ತವೆ ಎಂಬ ನಂಬಿಕೆ ಇಲ್ಲದಿದ್ದರೆ ಇಂಥ ಸ್ಪರ್ಧೆ ಸಾಧ್ಯವಿರಲಿಲ್ಲ. ಆ ನಂಬಿಕೆಗೆ ಆಧಾರವೇನು?

ಚಕ್ರವೇ ಒಪ್ಪಿಸುವ ಲೆಕ್ಕ

ಯಂತ್ರದ ರಚನೆ ಸರಳ. ಉದ್ದನೆಯ ಹಳಿಯ ಮೇಲೆ ಹಿಂದೆ ಮುಂದೆ ಜಾರುವ ಪೀಠ, ಪಾದ ಕಟ್ಟಿಕೊಳ್ಳಲು ಹಲಗೆ, ಎಳೆಯಲು ಹಿಡಿಕೆ, ಹಿಡಿಕೆಗೆ ಚೈನು, ಚೈನಿನ ಆ ತುದಿಯಲ್ಲಿ ಫ್ಲೈವೀಲ್ ಎಂಬ ಭಾರದ ಚಕ್ರ. ಹಳೆಯ ಡೀಸೆಲ್ ಪಂಪ್‌ಸೆಟ್ ನೋಡಿದವರಿಗೆ ಈ ಚಕ್ರ ಹೊಸದಲ್ಲ. ಎಳೆದಾಗ ಚಕ್ರ ವೇಗ ಪಡೆಯುತ್ತದೆ. ಹಿಡಿಕೆಯನ್ನು ಮುಂದಕ್ಕೆ ಬಿಟ್ಟಾಗ, ಪೆಡಲ್ ನಿಲ್ಲಿಸಿದರೂ ಸೈಕಲ್ ಚಕ್ರ ತಿರುಗುತ್ತಲೇ ಇರುವಂತೆ, ಇದೂ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಎರಡರಲ್ಲೂ ಇರುವುದು ಫ್ರೀವೀಲ್ ಎಂಬ ಒಮ್ಮುಖದ ಹಿಡಿತ.

ಯಂತ್ರದ ಜಾಣತನ ಇರುವುದು ಹಿಡಿಕೆ ಬಿಟ್ಟ ಆ ಒಂದೆರಡು ಸೆಕೆಂಡುಗಳಲ್ಲಿ. ಆಗ ಚಕ್ರವನ್ನು ಯಾರೂ ಎಳೆಯುತ್ತಿಲ್ಲ. ಅದನ್ನು ನಿಧಾನಗೊಳಿಸುತ್ತಿರುವುದು ಮುಖ್ಯವಾಗಿ ಗಾಳಿಯ ತಡೆ. ಚಕ್ರದ ಜಡತ್ವ ಎಷ್ಟೆಂಬುದು ತಯಾರಕರಿಗೆ ಮೊದಲೇ ಗೊತ್ತು. ಹಾಗಾಗಿ ಅದು ಎಷ್ಟು ಬೇಗ ನಿಧಾನವಾಯಿತು ಎಂದು ಅಳೆದರೆ ಗಾಳಿಯ ತಡೆ ಎಷ್ಟೆಂದು ಲೆಕ್ಕ ಸಿಗುತ್ತದೆ. ಈ ಅಂಕಿಗೆ ಡ್ರ್ಯಾಗ್ ಫ್ಯಾಕ್ಟರ್, ಅಂದರೆ ತಡೆಯ ಗುಣಾಂಕ ಎಂದು ಹೆಸರು. ಪ್ರತಿ ಎಳೆತದ ನಂತರವೂ ಯಂತ್ರ ಈ ಗುಣಾಂಕವನ್ನು ಹೊಸದಾಗಿ ಲೆಕ್ಕ ಹಾಕಿ, ಅದರ ಆಧಾರದ ಮೇಲೆ ಎಳೆತದಲ್ಲಿ ವ್ಯಯವಾದ ಶಕ್ತಿಯನ್ನು ಹೇಳುತ್ತದೆ.

ಇದರ ಲಾಭ ದೊಡ್ಡದು. ಸಮುದ್ರಮಟ್ಟದ ಮಂಗಳೂರಿನ ಗಾಳಿ ದಟ್ಟ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಗಾಳಿ ಅದಕ್ಕಿಂತ ತೆಳು. ಒಂದು ಜಿಮ್‌ನ ಯಂತ್ರ ಹೊಸದು. ಇನ್ನೊಂದರ ಜಾಲರಿಯಲ್ಲಿ ಧೂಳು ಕಟ್ಟಿ ಗಾಳಿ ಸರಿಯಾಗಿ ಆಡುವುದಿಲ್ಲ. ಈ ವ್ಯತ್ಯಾಸಗಳೆಲ್ಲ ಗುಣಾಂಕದಲ್ಲಿ ಸೇರಿಹೋಗುವುದರಿಂದ ಅಂತಿಮ ಅಂಕಿಯಲ್ಲಿ ಮೋಸವಾಗುವುದಿಲ್ಲ. ತಕ್ಕಡಿ ಪ್ರತಿ ಬಾರಿ ತೂಗುವ ಮುನ್ನ ತನ್ನ ಮುಳ್ಳನ್ನು ತಾನೇ ಸೊನ್ನೆಗೆ ತಂದುಕೊಂಡಂತೆ ಇದು.

ಚಕ್ರದ ಗೂಡಿನ ಪಕ್ಕದಲ್ಲಿ 1ರಿಂದ 10ರವರೆಗೆ ಗುರುತುಳ್ಳ ಒಂದು ಸಣ್ಣ ಸನ್ನೆ ಇರುತ್ತದೆ. ಹೊಸಬರು, ಅದರಲ್ಲೂ ಹುಡುಗರು, ಮಾಡುವ ಮೊದಲ ತಪ್ಪು ಅದನ್ನು 10ಕ್ಕೆ ತಿರುಗಿಸುವುದು. ಅದು ಗಾಳಿ ಒಳಗೆ ಬರುವ ಕಿಂಡಿಯನ್ನು ಹಿಗ್ಗಿಸುತ್ತದೆ, ಅಷ್ಟೆ. ಆಗ ಹಿಡಿಕೆ ಭಾರವಾಗುತ್ತದೆ. ಸೈಕಲ್‌ನ ಗೇರು ಬದಲಿಸಿದ ಹಾಗೆ. ಭಾರ ಹೆಚ್ಚಾದ ಮಾತ್ರಕ್ಕೆ ಅಂಕ ಹೆಚ್ಚು ಸಿಗುವುದಿಲ್ಲ. ಸೊಂಟಕ್ಕೆ ಬೀಳುವ ಹೊರೆ ಮಾತ್ರ ಹೆಚ್ಚುತ್ತದೆ. ನುರಿತ ಓಟಗಾರರಲ್ಲಿ ಅನೇಕರು ಗುಣಾಂಕವನ್ನು ಸುಮಾರು 110ರಿಂದ 140ರ ನಡುವೆ ಇಟ್ಟುಕೊಳ್ಳುತ್ತಾರೆ. ಅದು ಸನ್ನೆಯ ಮಧ್ಯದ ಆಸುಪಾಸು ಅಥವಾ ಅದಕ್ಕೂ ಕೆಳಗೆ ಬರುತ್ತದೆ.

ಘನದ ಆಟ

ಪರದೆಯ ಮೇಲೆ ಕಾಣುವ ಮುಖ್ಯ ಅಂಕಿ '500 ಮೀಟರಿಗೆ ಇಷ್ಟು ನಿಮಿಷ, ಇಷ್ಟು ಸೆಕೆಂಡು' ಎಂಬುದು. ನಿಜವಾಗಿ ಅಲ್ಲಿ ಯಾವ ಮೀಟರೂ ಸಾಗಿರುವುದಿಲ್ಲ. ಇಷ್ಟು ಸಾಮರ್ಥ್ಯದಿಂದ ಎಳೆದರೆ ದೋಣಿಯೊಂದು ಎಷ್ಟು ವೇಗದಲ್ಲಿ ಹೋದೀತು ಎಂಬ ಲೆಕ್ಕ ಅದು. ಸೂತ್ರ ಬಹಿರಂಗವಾಗಿಯೇ ಇದೆ: ಒಂದು ಮೀಟರಿಗೆ ಹಿಡಿದ ಸೆಕೆಂಡುಗಳ ಘನದಿಂದ 2.80ನ್ನು ಭಾಗಿಸಿದರೆ ಸಾಮರ್ಥ್ಯ ವ್ಯಾಟ್‌ಗಳಲ್ಲಿ ಸಿಗುತ್ತದೆ.

ಉದಾಹರಣೆಗೆ, 500 ಮೀಟರಿಗೆ 2 ನಿಮಿಷ ಎಂದರೆ ಮೀಟರಿಗೆ 0.24 ಸೆಕೆಂಡು. ಅದರ ಘನ 0.013824. 2.80ನ್ನು ಇದರಿಂದ ಭಾಗಿಸಿದರೆ ಸುಮಾರು 203 ವ್ಯಾಟ್. ಈ ಗತಿಯಲ್ಲಿ 2000 ಮೀಟರ್ ಮುಗಿಸಲು ಸರಿಯಾಗಿ 8 ನಿಮಿಷ ಬೇಕು. 500 ಮೀಟರಿಗೆ ಎರಡೂವರೆ ನಿಮಿಷ ತೆಗೆದುಕೊಳ್ಳುವವರ ಸಾಮರ್ಥ್ಯ ಸುಮಾರು 104 ವ್ಯಾಟ್. ಅವರಿಗೆ 2000 ಮೀಟರಿಗೆ 10 ನಿಮಿಷ ಬೇಕು.

ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸೋಜಿಗವಾಗುತ್ತದೆ. ಸಮಯ ಕಡಿಮೆಯಾಗಿದ್ದು ಐದನೇ ಒಂದು ಪಾಲು ಮಾತ್ರ. ಆದರೆ ದೇಹ ಒದಗಿಸಬೇಕಾದ ಸಾಮರ್ಥ್ಯ ಹತ್ತಿರ ಹತ್ತಿರ ಎರಡರಷ್ಟು! ವೇಗ ಹೆಚ್ಚಿದಂತೆ ಗಾಳಿಯ ಅಥವಾ ನೀರಿನ ತಡೆ ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಸಾಮರ್ಥ್ಯವೆಂದರೆ ತಡೆಯನ್ನು ವೇಗದಿಂದ ಗುಣಿಸಿದ್ದು. ಆದ್ದರಿಂದ ಅದು ಘನದ ಪ್ರಮಾಣದಲ್ಲಿ ಏರುತ್ತದೆ. ಎದುರುಗಾಳಿಗೆ ಸೈಕಲ್ ತುಳಿದವರೆಲ್ಲ ಈ ನಿಯಮವನ್ನು ತಮ್ಮ ತೊಡೆಗಳಲ್ಲಿ ಅನುಭವಿಸಿದ್ದಾರೆ.

ಪಾಲಕರು ಈ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. ಅಭ್ಯಾಸಕ್ಕೆ ಇಳಿದ ಮಗುವಿನ ಸಮಯ ಮೊದಲ ತಿಂಗಳುಗಳಲ್ಲಿ ಭರಭರನೆ ಇಳಿಯುತ್ತದೆ. ಆಮೇಲೆ ಅದೇ ಶ್ರಮಕ್ಕೆ ಎರಡು ಸೆಕೆಂಡು, ಒಂದು ಸೆಕೆಂಡು ಮಾತ್ರ ಇಳಿಯುತ್ತದೆ. 'ಮೊದಲಿನ ಉತ್ಸಾಹ ಈಗ ಇಲ್ಲ, ಸೋಮಾರಿಯಾಗಿದ್ದಾನೆ' ಎಂದು ಬಿಡುವುದು ಸುಲಭ. ಆದರೆ 8 ನಿಮಿಷದಿಂದ 7 ನಿಮಿಷ 40 ಸೆಕೆಂಡಿಗೆ ಬರುವುದೆಂದರೆ ಸಾಮರ್ಥ್ಯವನ್ನು ಸುಮಾರು 203ರಿಂದ 230 ವ್ಯಾಟ್‌ಗೆ, ಅಂದರೆ ನೂರಕ್ಕೆ ಸುಮಾರು 14ರಷ್ಟು ಹೆಚ್ಚಿಸಿಕೊಂಡಂತೆ. ಗಡಿಯಾರ ಅದನ್ನು ಬರೀ ಇಪ್ಪತ್ತು ಸೆಕೆಂಡೆಂದು ತೋರಿಸುತ್ತದೆ. ಪ್ರಗತಿಯನ್ನು ಸಮಯದ ಜೊತೆಗೆ ವ್ಯಾಟ್‌ಗಳಲ್ಲೂ ಬರೆದಿಟ್ಟರೆ ಮಗುವಿನ ಶ್ರಮಕ್ಕೆ ನ್ಯಾಯ ಸಿಗುತ್ತದೆ.

ಶಿಖರದಲ್ಲಿರುವವರ ಅಂಕಿ ಹೇಗಿರುತ್ತದೆ? ಆಸ್ಟ್ರೇಲಿಯಾದ ಜೋಷ್ ಡಂಕ್ಲಿ-ಸ್ಮಿತ್ 2018ರಲ್ಲಿ 2000 ಮೀಟರನ್ನು 5 ನಿಮಿಷ 35.8 ಸೆಕೆಂಡುಗಳಲ್ಲಿ ಮುಗಿಸಿದರು. ಅಮೆರಿಕದ ಬ್ರೂಕ್ ಮೂನಿ 2021ರಲ್ಲಿ 6 ನಿಮಿಷ 21.1 ಸೆಕೆಂಡುಗಳಲ್ಲಿ ಮುಗಿಸಿದರು. ಸೂತ್ರಕ್ಕೆ ಹಾಕಿದರೆ ಮೊದಲನೆಯವರದು ಸುಮಾರು 592 ವ್ಯಾಟ್, ಎರಡನೆಯವರದು ಸುಮಾರು 405 ವ್ಯಾಟ್. ಒಂದು ಅಶ್ವಶಕ್ತಿ ಎಂದರೆ 746 ವ್ಯಾಟ್. ಐದೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ಮುಕ್ಕಾಲು ಅಶ್ವಶಕ್ತಿಯನ್ನು ಮೀರಿದ ಸಾಮರ್ಥ್ಯ ಮನುಷ್ಯನ ದೇಹದಿಂದ ಹೊಮ್ಮಿತು ಎಂದಾಯಿತು!

ಅಣ್ಣ ಗೆದ್ದನೋ, ತಮ್ಮ ಗೆದ್ದನೋ?

ಅಂಕಿ ಪ್ರಾಮಾಣಿಕವೆಂದ ಮೇಲೆ ಹೋಲಿಕೆಗೆ ಅಡ್ಡಿ ಏನು? ಒಂದು ಮನೆಯ ಅಣ್ಣತಮ್ಮಂದಿರನ್ನು ಊಹಿಸಿಕೊಳ್ಳೋಣ. ಅಣ್ಣನ ತೂಕ 80 ಕಿಲೋ, ತಮ್ಮನದು 60 ಕಿಲೋ. ಅಣ್ಣ 2000 ಮೀಟರನ್ನು 7 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದ. ತಮ್ಮನಿಗೆ 8 ನಿಮಿಷ ಹಿಡಿಯಿತು. ಯಂತ್ರ ಹೇಳುವಂತೆ ಗೆದ್ದವನು ಅಣ್ಣ.

ಈಗ ಇಬ್ಬರನ್ನೂ ನಿಜವಾದ ದೋಣಿಯಲ್ಲಿ ಕೂರಿಸಿ. ಆರ್ಕಿಮಿಡೀಸನ ತತ್ತ್ವ ಕೂಡಲೇ ಕೆಲಸಕ್ಕೆ ಇಳಿಯುತ್ತದೆ. ತೂಕ ಹೆಚ್ಚಿದಂತೆ ದೋಣಿ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಬೇಕು, ಅದು ಇನ್ನಷ್ಟು ಮುಳುಗುತ್ತದೆ, ನೀರಿಗೆ ತಾಗುವ ಮೈ ಹೆಚ್ಚುತ್ತದೆ, ತಡೆಯೂ ಹೆಚ್ಚುತ್ತದೆ. ನೆಲದ ಮೇಲಿನ ಯಂತ್ರದಲ್ಲಿ ತೂಕವನ್ನು ಹೊರುವುದು ಪೀಠ ಮತ್ತು ಹಳಿ. ಅಲ್ಲಿ ತೂಕಕ್ಕೆ ದಂಡವಿಲ್ಲ. ಹಾಗಾಗಿ ದೊಡ್ಡ ದೇಹದವರಿಗೆ ಯಂತ್ರ ನೀರಿಗಿಂತ ಉದಾರಿ.

ಇದನ್ನು ಸರಿದೂಗಿಸಲು ಯಂತ್ರದ ತಯಾರಕರೇ ಒಂದು ಲೆಕ್ಕ ಕೊಟ್ಟಿದ್ದಾರೆ. ಪೌಂಡುಗಳಲ್ಲಿ ದೇಹದ ತೂಕವನ್ನು 270ರಿಂದ ಭಾಗಿಸಿ, ಬಂದದ್ದನ್ನು 0.222ರ ಘಾತಕ್ಕೆ ಏರಿಸಿ, ಅದರಿಂದ ಸಮಯವನ್ನು ಗುಣಿಸಬೇಕು. ಹಾಗೆ ಮಾಡಿದರೆ ಅಣ್ಣನ ಸಮಯ ಸುಮಾರು 6 ನಿಮಿಷ 58.5 ಸೆಕೆಂಡು, ತಮ್ಮನದು ಸುಮಾರು 6 ನಿಮಿಷ 49.7 ಸೆಕೆಂಡು. ಫಲಿತಾಂಶ ತಲೆಕೆಳಗಾಯಿತು! ತೂಕದ ಪ್ರತಿ ಕಿಲೋಗೆ ಎಷ್ಟು ವ್ಯಾಟ್ ಎಂದು ನೋಡಿದರೂ ಅಷ್ಟೆ: ಅಣ್ಣನದು 2.9, ತಮ್ಮನದು 3.4.

ಹಾಗಾದರೆ ಅಣ್ಣನದು ಸುಳ್ಳು ಗೆಲುವೇ? ಖಂಡಿತ ಅಲ್ಲ. ಒಳಾಂಗಣ ಸ್ಪರ್ಧೆಯಲ್ಲಿ, ಒಂದೇ ವಿಭಾಗದಲ್ಲಿ ಇಬ್ಬರೂ ಇದ್ದರೆ ಪದಕ ಅವನದೇ. 'ಯಾರು ಮೇಲು' ಎಂಬ ಪ್ರಶ್ನೆಗೆ 'ಯಾವುದರಲ್ಲಿ' ಎಂಬ ಮರುಪ್ರಶ್ನೆ ಹಾಕದೆ ಉತ್ತರವಿಲ್ಲ. ಈ ಕಾರಣಕ್ಕೇ ಸ್ಪರ್ಧೆಗಳಲ್ಲಿ ವಯಸ್ಸಿನ ವಿಭಾಗಗಳಿವೆ, ಗಂಡು ಹೆಣ್ಣುಗಳ ವಿಭಾಗಗಳಿವೆ, ಹಗುರ ತೂಕದ ವಿಭಾಗವಿದೆ. ಹದಿನಾಲ್ಕು ವರ್ಷದ ಇಬ್ಬರು ಹುಡುಗರಲ್ಲಿ ಒಬ್ಬ ಆಗಲೇ ಎತ್ತರ ಬೆಳೆದಿರಬಹುದು. ಇನ್ನೊಬ್ಬನ ಬೆಳವಣಿಗೆ ಇನ್ನೆರಡು ವರ್ಷ ತಡವಾಗಿ ಬರಬಹುದು. ಅವರಿಬ್ಬರ ಅಂಕಿಗಳ ಅಂತರ ಬಹುಮಟ್ಟಿಗೆ ಬೆಳವಣಿಗೆಯ ಅಂತರವೇ ಹೊರತು ಯೋಗ್ಯತೆಯ ಅಂತರವಲ್ಲ.

ಇನ್ನೊಂದು ಎಚ್ಚರ. ರೋಯಿಂಗ್ ಯಂತ್ರಗಳಲ್ಲಿ ಹಲವು ಬಗೆ. ಗಾಳಿಯ ತಡೆಯವು, ಅಯಸ್ಕಾಂತದ ತಡೆಯವು, ತೊಟ್ಟಿಯಲ್ಲಿ ನೀರು ತುಂಬಿದವು, ಅಗ್ಗದ ಹೈಡ್ರಾಲಿಕ್ ಕೊಳವೆಯವು. ಒಂದು ಬಗೆಯ ಅಂಕಿಯನ್ನು ಇನ್ನೊಂದು ಬಗೆಯ ಅಂಕಿಯೊಡನೆ ಹೋಲಿಸುವುದು ಸೇರಿನ ಅಳತೆಯನ್ನು ಲೀಟರಿನ ಅಳತೆಯೊಡನೆ ಹೋಲಿಸಿದಂತೆ. ಮನೆಗೆ ಯಂತ್ರ ಕೊಳ್ಳಲು ಹೊರಟವರು ಇದನ್ನು ನೆನಪಿಡಬೇಕು. ಮೈ ಬೆವರಿಸಲು ಯಾವುದಾದರೂ ಆದೀತು. ಊರಾಚೆಯವರೊಡನೆ ಅಂಕಿ ಹೋಲಿಸಬೇಕಾದರೆ ಸ್ಪರ್ಧೆಗಳಲ್ಲಿ ಬಳಸುವ ಬಗೆಯದೇ ಬೇಕು.

ಕಾಲು ಮೊದಲು, ಕೈ ಕೊನೆಗೆ

ಹುಟ್ಟು ಹಾಕುವುದು ಕೈಯ ಕೆಲಸ ಎಂಬುದು ಸಾಮಾನ್ಯ ತಿಳಿವಳಿಕೆ. ತೆಪ್ಪ, ಹರಿಗೋಲುಗಳಲ್ಲಿ ಅದು ಬಹುಪಾಲು ನಿಜ. ಆದರೆ ಓಟದ ದೋಣಿಯಲ್ಲಿ ಪೀಠ ಜಾರುವುದರಿಂದ ಶಕ್ತಿಯ ಹೆಚ್ಚಿನ ಪಾಲು ಬರುವುದು ತೊಡೆಗಳಿಂದ. ಮಂಡಿ ಮಡಿಸಿ ಮುಂದೆ ಕುಳಿತಿರುವ ಸ್ಥಿತಿಯಿಂದ ಮೊದಲು ಕಾಲು ಚಾಚಿ ಹಲಗೆಯನ್ನು ಒತ್ತಬೇಕು. ಕಾಲು ನೇರವಾಗುತ್ತ ಬಂದಾಗ ಬೆನ್ನು ಹಿಂದಕ್ಕೆ ವಾಲಬೇಕು. ಕೊನೆಯಲ್ಲಿ ಕೈ ಹಿಡಿಕೆಯನ್ನು ಪಕ್ಕೆಲುಬಿನ ಕೆಳಗೆ ತರಬೇಕು. ಮರಳುವಾಗ ಇದಕ್ಕೆ ತದ್ವಿರುದ್ಧ: ಮೊದಲು ಕೈ, ಆಮೇಲೆ ಬೆನ್ನು, ಕೊನೆಗೆ ಮಂಡಿ. ಎಳೆಯುವುದು ಚುರುಕಾಗಿ, ಮರಳುವುದು ನಿಧಾನವಾಗಿ. ಎಳೆಯಲು ಒಂದು ಎಣಿಕೆಯಾದರೆ ಮರಳಲು ಎರಡು. ಬೆನ್ನು ಗೂನಾಗಬಾರದು.

ಕಲಿಕೆಯ ಮೊದಲ ಎರಡು ವಾರ ಪರದೆಯನ್ನು ನೋಡದೆ ಎಳೆಯುವುದೇ ಲೇಸು. ಅಂಕಿಯ ಆಸೆಗೆ ಬಿದ್ದ ಮಗು ಭಂಗಿಯನ್ನು ಕೆಡಿಸಿಕೊಳ್ಳುತ್ತದೆ. ಕೆಟ್ಟ ಭಂಗಿಯಲ್ಲಿ ಸಾವಿರಾರು ಬಾರಿ ಎಳೆದರೆ ಸೊಂಟ ನೋವು ಕಟ್ಟಿಟ್ಟ ಬುತ್ತಿ. ಈ ಕ್ರೀಡೆಯಲ್ಲಿ ಅತಿಯಾದ ಅಭ್ಯಾಸದಿಂದ ಪಕ್ಕೆಲುಬಿನಲ್ಲಿ ಸಣ್ಣ ಬಿರುಕು ಬಿಡುವುದೂ ಉಂಟು. ನೋವು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಅಭ್ಯಾಸದ ಕ್ರಮ

2000 ಮೀಟರ್ ಓಟದಲ್ಲಿ ಖರ್ಚಾಗುವ ಶಕ್ತಿಯ ಸುಮಾರು ಮುಕ್ಕಾಲು ಪಾಲು ಆಮ್ಲಜನಕದ ನೆರವಿನಿಂದ ಬರುತ್ತದೆ. ಉಳಿದದ್ದು ಮಾತ್ರ ಆಮ್ಲಜನಕವಿಲ್ಲದೆ ಸ್ನಾಯುಗಳು ತುರ್ತಾಗಿ ಒದಗಿಸುವ ಶಕ್ತಿ. ಆದ್ದರಿಂದ ತರಬೇತಿಯ ಹೆಚ್ಚಿನ ಪಾಲು ಹೃದಯ ಮತ್ತು ಶ್ವಾಸಕೋಶಗಳನ್ನು ಪಳಗಿಸುವ ನಿಧಾನಗತಿಯ, ದೀರ್ಘ ಎಳೆತಕ್ಕೆ ಮೀಸಲಾಗಿರಬೇಕು. ಪ್ರತಿದಿನವೂ ಪೂರ್ತಿ ದಮ್ಮು ಕಟ್ಟಿ ಎಳೆಯುವವರು ಬೇಗ ಬಳಲುತ್ತಾರೆ, ಮುಂದೆ ಸಾಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವುದಕ್ಕೂ ವರ್ಷವಿಡೀ ದಿನಕ್ಕೊಂದು ಗಂಟೆ ಓದುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ.

ಆರೋಗ್ಯವಂತ ಹೈಸ್ಕೂಲು, ಕಾಲೇಜು ವಿದ್ಯಾರ್ಥಿಗಳು ವಾರಕ್ಕೆ ಮೂರು ದಿನದಿಂದ ಶುರು ಮಾಡಬಹುದು. ಮೊದಲ ದಿನ ಐದೈದು ನಿಮಿಷದ ಮೂರು ಕಂತು, ನಡುವೆ ಎರಡು ನಿಮಿಷ ವಿರಾಮ. ಎರಡನೆಯ ದಿನ ಸತತ ಹದಿನೈದು ನಿಮಿಷ. ವಾರಗಳು ಕಳೆದಂತೆ ಅದನ್ನು ಮೂವತ್ತಕ್ಕೆ ಏರಿಸುವುದು. ಈ ಎರಡೂ ದಿನ ನಿಮಿಷಕ್ಕೆ 18ರಿಂದ 22 ಎಳೆತ ಸಾಕು. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟು ಉಸಿರು ಉಳಿದಿರಬೇಕು. ಅದೇ ಗತಿಯ ಅಳತೆ. ಮೂರನೆಯ ದಿನ ಮಾತ್ರ ಒಂದೊಂದು ನಿಮಿಷದ ಆರು ಚುರುಕು ಎಳೆತ, ಪ್ರತಿಯೊಂದರ ನಂತರ ಎರಡು ನಿಮಿಷ ನಿಧಾನ. ಪ್ರತಿ ಬಾರಿಯೂ ಐದು ನಿಮಿಷ ಮೈ ಬೆಚ್ಚಗಾಗಿಸಿ ಶುರು, ಐದು ನಿಮಿಷ ತಣಿಸಿ ಮುಕ್ತಾಯ. ಹೃದಯದ ಅಥವಾ ಉಸಿರಾಟದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಕೂರಬಾರದು.

ಪರೀಕ್ಷೆ ಆರು ವಾರಕ್ಕೊಮ್ಮೆ ಸಾಕು. ಹೈಸ್ಕೂಲಿನ ಮಕ್ಕಳಿಗೆ 1000 ಮೀಟರ್, ದೊಡ್ಡವರಿಗೆ 2000 ಮೀಟರ್. ಹೋಲಿಕೆ ಸರಿಯಾಗಿರಬೇಕಾದರೆ ಪ್ರಯೋಗಾಲಯದ ನಿಯಮವನ್ನೇ ಪಾಲಿಸಬೇಕು: ಒಂದನ್ನು ಅಳೆಯುವಾಗ ಉಳಿದವು ಬದಲಾಗಬಾರದು. ಅದೇ ಯಂತ್ರ, ಅದೇ ಗುಣಾಂಕ, ದಿನದ ಅದೇ ಹೊತ್ತು, ಊಟವಾಗಿ ಅಷ್ಟೇ ಗಂಟೆ, ಹಿಂದಿನ ದಿನ ಅಷ್ಟೇ ವಿಶ್ರಾಂತಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಸಮಯ, ವ್ಯಾಟ್, ನಿಮಿಷಕ್ಕೆ ಎಷ್ಟು ಎಳೆತ, ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ನಾಡಿ ಬಡಿತ ಇವಿಷ್ಟನ್ನು ಬರೆದಿಡಬೇಕು. ಎದ್ದ ಕೂಡಲೆ ಮಣಿಕಟ್ಟಿನ ಮೇಲೆ ಬೆರಳಿಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ನಾಡಿ ಸಿಗುತ್ತದೆ. ಅದು ದಿನನಿತ್ಯಕ್ಕಿಂತ ಹತ್ತು ಬಡಿತದಷ್ಟು ಹೆಚ್ಚಿದ್ದರೆ ದೇಹ ಇನ್ನೂ ಸುಧಾರಿಸಿಕೊಂಡಿಲ್ಲವೆಂದು ತಿಳಿದು ಆ ದಿನ ಬಿಡುವು ಕೊಡುವುದು ಜಾಣತನ. ಕೆಲವು ತಿಂಗಳ ನಂತರ ಅದೇ ವ್ಯಾಟ್‌ಗೆ ನಾಡಿ ಮೊದಲಿಗಿಂತ ಕಡಿಮೆ ಬಡಿಯುತ್ತಿದ್ದರೆ, ಓಟದ ಸಮಯ ಇಳಿಯದಿದ್ದರೂ, ಪ್ರಗತಿ ಆಗಿದೆಯೆಂದೇ ಅರ್ಥ.

ಬರದ ಊರಿನಿಂದ ಬಂದ ಓಟಗಾರ

ನೀರಿನ ನಂಟೇ ಇಲ್ಲದವರಿಗೂ ಈ ಕ್ರೀಡೆಯ ಬಾಗಿಲು ತೆರೆದಿದೆ ಎಂಬುದಕ್ಕೆ ದತ್ತು ಭೋಕನಳ ಅವರ ಬದುಕೇ ಸಾಕ್ಷಿ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಚಾಂದವಡ ತಾಲ್ಲೂಕು ಬರಕ್ಕೆ ಹೆಸರಾದದ್ದು. ಅಲ್ಲಿನ ಹಳ್ಳಿಯೊಂದರಲ್ಲಿ ಹುಟ್ಟಿ, ಬಾವಿ ತೋಡುವ ಕೂಲಿ ಮಾಡಿದ ಅವರು 2012ರಲ್ಲಿ ಸೇನೆ ಸೇರಿದರು. ದೋಣಿ ಓಟ ಕಲಿತದ್ದು ಸೇನೆಗೆ ಸೇರಿದ ಮೇಲೆಯೇ. ನಾಲ್ಕೇ ವರ್ಷಗಳಲ್ಲಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಒಂಟಿ ಹುಟ್ಟುಗಾರರ ಸಿಂಗಲ್ ಸ್ಕಲ್ಸ್ ಸ್ಪರ್ಧೆಯಲ್ಲಿ 13ನೆಯ ಸ್ಥಾನ ಪಡೆದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. ಅದಕ್ಕೂ ಮೊದಲು, 2010ರ ಗುವಾಂಗ್‌ಝೌ ಕೂಟದಲ್ಲಿ ಈ ಕ್ರೀಡೆಯಲ್ಲಿ ಭಾರತಕ್ಕೆ ಮೊದಲ ಏಷ್ಯನ್ ಚಿನ್ನ ತಂದ ಬಜರಂಗ್ ಲಾಲ್ ತಾಖರ್ ಮರುಭೂಮಿಯ ನಾಡಾದ ರಾಜಸ್ಥಾನದವರು. ಅವರೂ ಸೈನಿಕರೇ.

ಇಂಥವರನ್ನು ಗುರುತಿಸಲು ಎತ್ತರ, ಕೈಕಾಲಿನ ಉದ್ದದ ಜೊತೆಗೆ ಎರ್ಗೊಮೀಟರಿನ ಅಂಕಿಯೂ ನೆರವಾಗುತ್ತದೆ. ದೋಣಿ ಮುಟ್ಟಿರದ ಯುವಕನ ದೇಹದಲ್ಲಿ ಎಂಥ ಎಂಜಿನ್ ಇದೆ ಎಂಬುದನ್ನು ಯಂತ್ರ ಕೆಲವೇ ನಿಮಿಷಗಳಲ್ಲಿ ತೋರಿಸಿಕೊಡುತ್ತದೆ. ಆದರೆ ಅದಕ್ಕೆ ಕಾಣದ ಸಂಗತಿಗಳೂ ಇವೆ. ಕಿರಿದಾದ ದೋಣಿಯಲ್ಲಿ ಸಮತೋಲ, ಅಲೆ ಗಾಳಿಗಳ ಅರಿವು, ಮುಂದೆ ಕುಳಿತವನ ಲಯಕ್ಕೆ ತನ್ನ ಲಯ ಕೂಡಿಸುವ ಗುಣ, ಇವಕ್ಕೆ ಪರದೆಯ ಮೇಲೆ ಅಂಕಿ ಇಲ್ಲ. ಆದ್ದರಿಂದಲೇ ತಂಡ ಆರಿಸುವವರು ಯಂತ್ರದ ಅಂಕಿ ನೋಡಿದ ಮೇಲೂ ನೀರಿನಲ್ಲಿ ಓಡಿಸಿ ನೋಡುತ್ತಾರೆ.

ವಿದ್ಯಾರ್ಥಿಗಳಿಗೆ ಅವಕಾಶಗಳು ಇಲ್ಲದಿಲ್ಲ. ಅಂತರ ವಿಶ್ವವಿದ್ಯಾಲಯ ಮಟ್ಟದಲ್ಲಿ ರೋಯಿಂಗ್ ಸ್ಪರ್ಧೆಗಳಿವೆ. ಉತ್ತರ ಪ್ರದೇಶದಲ್ಲಿ 2023ರಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಗೋರಖ್‌ಪುರದ ರಾಮಗಢ ತಾಲ್ ಸರೋವರದಲ್ಲಿ ರೋಯಿಂಗ್ ನಡೆಯಿತು. ಒಳಾಂಗಣ ರೋಯಿಂಗ್‌ನಲ್ಲೂ ರಾಷ್ಟ್ರೀಯ ಸ್ಪರ್ಧೆಗಳು ನಡೆದಿವೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಡಲ ದಂಡೆಯ ರೋಯಿಂಗ್ ಹೊಸದಾಗಿ ಸೇರ್ಪಡೆಯಾಗಿದೆ. ಉದ್ದನೆಯ ಕರಾವಳಿಯುಳ್ಳ ಕರ್ನಾಟಕಕ್ಕೆ ಇದು ಗಮನಿಸಬೇಕಾದ ಸುದ್ದಿ.

ಯಂತ್ರವಿಲ್ಲದ ಶಾಲೆಗೆ ಮೆಟ್ಟಿಲು

ಎಲ್ಲ ಶಾಲೆಗಳಿಗೂ ಯಂತ್ರ ಕೊಳ್ಳುವ ಶಕ್ತಿ ಇರುವುದಿಲ್ಲ. ಹೋಲಿಕೆಯ ಪಾಠ ಕಲಿಯಲು ಶಾಲೆಯ ಮೆಟ್ಟಿಲೇ ಸಾಕು. ತಲಾ 15 ಸೆಂಟಿಮೀಟರ್ ಎತ್ತರದ 20 ಮೆಟ್ಟಿಲು ಎಂದರೆ 3 ಮೀಟರ್. 50 ಕಿಲೋ ತೂಕದ ವಿದ್ಯಾರ್ಥಿನಿ ಅದನ್ನು 6 ಸೆಕೆಂಡಿನಲ್ಲಿ ಹತ್ತಿದರೆ ಮಾಡಿದ ಕೆಲಸ 50ನ್ನು 9.8ರಿಂದ, ಮತ್ತೆ 3ರಿಂದ ಗುಣಿಸಿದ್ದು, ಅಂದರೆ 1470 ಜೂಲ್. ಸಾಮರ್ಥ್ಯ 245 ವ್ಯಾಟ್. 70 ಕಿಲೋ ತೂಕದ ಸಹಪಾಠಿ 7 ಸೆಕೆಂಡಿನಲ್ಲಿ ಹತ್ತಿದರೆ ಅವನದು 294 ವ್ಯಾಟ್. ಗಡಿಯಾರ ನೋಡಿದರೆ ಗೆದ್ದವಳು ಹುಡುಗಿ. ವ್ಯಾಟ್ ನೋಡಿದರೆ ಗೆದ್ದವನು ಹುಡುಗ. ಕಿಲೋಗೆ ಎಷ್ಟು ವ್ಯಾಟ್ ಎಂದು ನೋಡಿದರೆ 4.9 ಮತ್ತು 4.2, ಮತ್ತೆ ಹುಡುಗಿಯೇ. ಒಂದೇ ಮೆಟ್ಟಿಲು, ಒಂದೇ ಓಟ, ಅಳತೆ ಬದಲಾದಂತೆ ವಿಜೇತರೂ ಬದಲು! ತರಗತಿಯಲ್ಲಿ ಈ ಪ್ರಯೋಗ ಮಾಡಿಸಿದರೆ ಕೆಲಸ, ಶಕ್ತಿ, ಸಾಮರ್ಥ್ಯಗಳ ಪಾಠ ಮಕ್ಕಳಿಗೆ ಮರೆಯುವುದಿಲ್ಲ. ಒಣಗಿದ ಮೆಟ್ಟಿಲು, ಒಬ್ಬೊಬ್ಬರೇ ಹತ್ತುವುದು, ಇಳಿಯುವಾಗ ಓಡದಿರುವುದು, ಇಷ್ಟು ಎಚ್ಚರ ಸಾಕು.

ಅಂಕಪಟ್ಟಿ ಬಂದ ದಿನ 'ಪಕ್ಕದ ಮನೆಯವನಿಗೆ ಎಷ್ಟು ಬಂತು?' ಎಂಬ ಪ್ರಶ್ನೆ ಕೇಳದ ಮನೆ ವಿರಳ. ರೋಯಿಂಗ್ ಯಂತ್ರ ಅದಕ್ಕಿಂತ ಹೆಚ್ಚು ಕರಾರುವಾಕ್ಕಾಗಿ ಅಳೆಯುತ್ತದೆ. ಹಾಗಿದ್ದೂ ಅದನ್ನು ಬಲ್ಲವರು ಅಂಕಿ ನೋಡಿದ ಕೂಡಲೇ ತೀರ್ಪು ಕೊಡುವುದಿಲ್ಲ. ವಯಸ್ಸೆಷ್ಟು, ತೂಕವೆಷ್ಟು, ಅಭ್ಯಾಸ ಶುರುವಾಗಿ ಎಷ್ಟು ದಿನ, ಆರು ವಾರದ ಹಿಂದೆ ಎಷ್ಟಿತ್ತು ಎಂದು ಕೇಳುತ್ತಾರೆ. ಮಗು ನೋಟ್‌ಬುಕ್ ತಂದು ತೋರಿಸಿದಾಗ ತಾಯಿತಂದೆಯರು ಮೊದಲು ಹಿಂದಿನ ಪುಟವನ್ನು ತಿರುವಿ ನೋಡಲಿ. ಪಕ್ಕದ ಮನೆಯ ಅಂಕಿ ಆಮೇಲೆ ಬೇಕಾದರೆ ಕೇಳಬಹುದು.